ಬಾಟ್ಲಿಯಲ್ಲಿ ಉಳಿದ ಎಣ್ಣೆ

ನವಿ ಮುಂಬಯಿಯ ನೆರೂಳ ಸ್ಟೇಷನ್ನಿನಿಂದ ಸೆಕ್ಟರುಗಳ ಒಳಕ್ಕೆ ನಡೆದರೆ ಒಂದೇ ಶಟರಿನ ಬೈಕ್ ಗ್ಯಾರೇಜುಗಳು ಸಿಗುತ್ತವೆ. ಭಾನುವಾರ ಬೆಳಿಗ್ಗೆ ಅಲ್ಲಿ ಕೇಳುವ ತಕರಾರು ಹೆಚ್ಚಾಗಿ ಒಂದೇ. ಮೆಕ್ಯಾನಿಕ್ ಬಾಟ್ಲಿಯ ತಳದಲ್ಲಿ ಒಂದಿಷ್ಟು ಆಯಿಲ್ ಉಳಿಸಿ ಮುಚ್ಚಳ ತಿರುಗಿಸುತ್ತಾನೆ. ‘ಪೂರಾ ಡಾಲೋ ಭಯ್ಯಾ’ ಎಂದು ಗಿರಾಕಿ ಪಟ್ಟು ಹಿಡಿಯುತ್ತಾನೆ. ದುಡ್ಡು ಕೊಟ್ಟ ಮಾಲು, ಬಿಡಲು ಮನಸ್ಸು ಬಾರದು.

ಆದರೆ ಬಾಟ್ಲಿಯ ಅಳತೆ ಕಂಪನಿಯದು, ಎಂಜಿನ್ನಿನ ಅಳತೆ ಎಂಜಿನ್ನಿನದೇ. ಬೈಕಿನ ಜೊತೆ ಬರುವ ಪುಸ್ತಕದಲ್ಲಿ ಆಯಿಲಿಗೆ ಅನೇಕ ವೇಳೆ ಎರಡು ಅಂಕಿ ಇರುತ್ತವೆ: ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಎಷ್ಟು, ಹಳೆಯದನ್ನು ಬಸಿದು ತುಂಬುವಾಗ ಎಷ್ಟು. ಎರಡನೆಯದು ಕಡಿಮೆ, ಎಷ್ಟು ಬಸಿದರೂ ಮೂಲೆಗಳಲ್ಲಿ ಒಂದಿಷ್ಟು ಅಂಟಿಕೊಂಡೇ ಇರುತ್ತದೆ. ಇದನ್ನು ಮರೆತು ಬಾಟ್ಲಿ ಖಾಲಿ ಮಾಡಿದರೆ ತಿರುಗುವ ಕ್ರ್ಯಾಂಕು ಆಯಿಲನ್ನು ಮಜ್ಜಿಗೆಯಂತೆ ಕಡೆಯುತ್ತದೆ. ನೊರೆ ಎದ್ದ ಆಯಿಲ್ ಸರಿಯಾಗಿ ಜಿಡ್ಡು ಕೊಡದು; ಹೆಚ್ಚಾದದ್ದು ಏರ್‌ಫಿಲ್ಟರಿನ ಕಡೆ ದಾರಿ ಹುಡುಕುತ್ತದೆ, ಇಲ್ಲವೇ ಸೀಲಿನಲ್ಲಿ ಸೋರುತ್ತದೆ.

ಅಳೆಯುವುದಕ್ಕೂ ಕ್ರಮವಿದೆ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ಆರಿಸಿ, ಆಯಿಲ್ ಇಳಿಯಲು ಅಷ್ಟೇ ಹೊತ್ತು ಬಿಟ್ಟು, ಬೈಕನ್ನು ನೇರ ನಿಲ್ಲಿಸಿ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಬೈಕಿನ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಅನೇಕ 100 ಸಿಸಿ ಬೈಕುಗಳಲ್ಲಿ ಕಡ್ಡಿಯನ್ನು ಒರೆಸಿ ತೂತಿನಲ್ಲಿ ಇಡಬೇಕು, ತಿರುಗಿಸಿ ಬಿಗಿಯಬಾರದು. ಆಯಿಲ್ ಮೇಲಿನ ಗೆರೆ, ಕೆಳಗಿನ ಗೆರೆ ಎರಡರ ನಡುವೆ ಇರಬೇಕು. ಗಿರಾಕಿ ನೋಡಬೇಕಾದದ್ದು ಇದನ್ನು. ನಮ್ಮ ಜನ ನೋಡುವುದು ಮಾತ್ರ ಬಾಟ್ಲಿಯನ್ನು.

ಆಯ್ಕೆಯ ವಿಷಯಕ್ಕೆ ಬಂದರೆ, ಲೇಬಲ್ಲಿನ 10ಡಬ್ಲ್ಯೂ-30ರಲ್ಲಿ ‘ಡಬ್ಲ್ಯೂ’ ಎಂದರೆ ಚಳಿಗಾಲ. ನೆರೂಳಿನಲ್ಲಿ ಚಳಿ ಎಲ್ಲಿದೆ ಎಂದು ನಕ್ಕರೂ ಮುಂಜಾನೆ ಕಿಕ್ ಹೊಡೆಯುವಾಗ ಎಂಜಿನ್ನಿಗೆ ಅದೇ ಚಳಿ. ಮೊದಲ ಅಂಕಿ ತಣ್ಣಗಿದ್ದಾಗಿನ ಹರಿವನ್ನು ಹೇಳುತ್ತದೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನ ಬಿಸಿಯಲ್ಲಿ ಉಳಿಯುವ ದಪ್ಪವನ್ನು. ರಾಯಲ್ ಎನ್‌ಫೀಲ್ಡ್‌ನ ಅನೇಕ ಬೈಕುಗಳು ಕೇಳುವುದು ಇನ್ನೂ ದಪ್ಪನೆಯ 15ಡಬ್ಲ್ಯೂ-50. ಅಂಕಿಗಿಂತ ಮುಖ್ಯ, ಜಪಾನಿನ ವಾಹನ ಮಾನಕದ ‘ಜಾಸೊ’ ಗುರುತು. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಸಾಮಾನ್ಯವಾಗಿ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ತಿಕ್ಕಾಟ ಕಡಿಮೆ ಮಾಡಲೆಂದೇ ಮಾಡಿದ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಬಹುದು. ಅದಕ್ಕೇ ಬೈಕಿಗೆ ಎಂಎ ಅಥವಾ ಎಂಎ2, ಕ್ಲಚ್ ಒಣಗಿರುವ ಸ್ಕೂಟರಿಗೆ ಎಂಬಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಈ ರಗಳೆ ಬೇರೆ ರೂಪದಲ್ಲಿತ್ತು. ಟೂ-ಸ್ಟ್ರೋಕ್ ಎಂಜಿನ್ ಆಯಿಲನ್ನು ಪೆಟ್ರೋಲಿನ ಜೊತೆಗೇ ಸುಟ್ಟು ಹಾಕುತ್ತಿತ್ತು. ಬಸಿದು ಬದಲಿಸುತ್ತಿದ್ದದ್ದು ಗೇರ್‌ಬಾಕ್ಸಿನದು ಮಾತ್ರ. ಬಂಕಿನಲ್ಲಿ ‘ಎರಡು ಲೀಟರಿಗೆ ಎಷ್ಟು ಹಾಕ್ಲಿ?’ ಎಂಬ ಪ್ರಶ್ನೆಯೇ ಅಂದಿನ ಅಳತೆ.

ನೆರೂಳಿನ ಬೈಕುಗಳದು ಇನ್ನೊಂದು ಪಾಡು. ಮನೆಯಿಂದ ಸ್ಟೇಷನ್ ಒಂದೆರಡು ಕಿಲೋಮೀಟರು. ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿ ಲೋಕಲ್ ಹಿಡಿಯುತ್ತಾರೆ, ಸಂಜೆವರೆಗೆ ಬೈಕು ಮಳೆಯಲ್ಲಿ ನೆನೆಯುತ್ತದೆ. ಒಳಗಿನ ನೀರಾವಿ ಆರುವುದೇ ಇಲ್ಲ. ಮುಚ್ಚಳದ ಒಳಗೆ ಹಾಲಿನಂಥ ಕೆನೆ ಕಂಡರೆ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಆಯಿಲ್ ಬದಲಿಸುವುದೇ ವಾಸಿ. ಕಪ್ಪಾದ ಮಾತ್ರಕ್ಕೆ ಗಾಬರಿ ಬೇಡ. ಮಸಿಯನ್ನು ಹೊತ್ತು ತರುವುದೂ ಅದರ ಕೆಲಸ.

ಉಳಿದ ಆಯಿಲನ್ನು ಕೇಳಿ ಪಡೆದು ಮನೆಗೆ ಒಯ್ಯಿರಿ. ಕಡ್ಡಿ ಕೆಳಗಿನ ಗೆರೆಗೆ ಇಳಿದಾಗ ಬೇಕಾಗುತ್ತದೆ. ಬಸಿದ ಆಯಿಲ್ ಗ್ಯಾರೇಜಿನ ಡಬ್ಬಿಗೇ ಹೋಗಲಿ. ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಬಿಟ್ಟರೆ ಸೇರುವುದು ಪಕ್ಕದ ಖಾಡಿಯನ್ನೇ. ಬಾಟ್ಲಿ ಖಾಲಿಯಾದ ದಿನ ಸ್ಕ್ರೂಡ್ರೈವರಿನಿಂದ ಅದಕ್ಕೊಂದು ತೂತು ಹೊಡೆಯಿರಿ, ಅಸಲಿ ಲೇಬಲ್ಲಿನ ಒಳಗೆ ನಕಲಿ ಆಯಿಲ್ ತುಂಬುವವರ ಕೈಗೆ ಸಿಗದಂತೆ.