ಹಳೆಯ ಕಂಪ್ಯೂಟರಿನ ವಿಂಡೋಸ್ ಅಸಲಿಯೇ? ಸಂಘದ ಪದಾಧಿಕಾರಿಗಳು ಗಮನಿಸಲಿ

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನದ ಗಡಿಬಿಡಿ. ಇತ್ತೀಚೆಗೆ ನೋಟ್ ಬುಕ್ಕಿನ ಜೊತೆಗೆ ಬಳಸಿದ ಕಂಪ್ಯೂಟರುಗಳನ್ನೂ ದಾನಿಗಳು ಕೊಡುವುದುಂಟು. ಸಂಘದ ಕಚೇರಿಗೂ ಲ್ಯಾಮಿಂಗ್ಟನ್ ರೋಡಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ಬರುತ್ತದೆ. ಕೊಟ್ಟವರ ಉದಾರತೆ ದೊಡ್ಡದೇ. ಆದರೆ ಅದರೊಳಗಿನ ವಿಂಡೋಸ್ ಪರವಾನಗಿ ಇರುವುದೋ ನಕಲಿಯೋ ಎಂದು ಕೇಳುವವರು ಕಡಿಮೆ. ‘ಎಲ್ಲ ಹಾಕಿ ಕೊಟ್ಟಿದ್ದೇವೆ’ ಎಂಬ ಅಂಗಡಿಯವನ ಮಾತಿಗೆ ನಾವೆಲ್ಲ ತಲೆಯಾಡಿಸಿ ಬರುತ್ತೇವೆ.

ಸಂಘದ ಕಂಪ್ಯೂಟರಿನಲ್ಲಿ ಏನಿರುತ್ತದೆ ಎಂದು ಯೋಚಿಸಿ. ಸದಸ್ಯರ ಫೋನ್ ನಂಬರು, ವಿಳಾಸ, ತೆರಿಗೆ ರಿಯಾಯಿತಿಯ ರಸೀದಿಗಾಗಿ ದಾನಿಗಳು ಕೊಟ್ಟ ಪ್ಯಾನ್ ಸಂಖ್ಯೆ, ಕೋಶಾಧಿಕಾರಿಯವರ ಬ್ಯಾಂಕ್ ವ್ಯವಹಾರ. ವಿಂಡೋಸನ್ನು ಬೀಗ ಮುರಿದು ನಡೆಸುವ ತಂತ್ರಾಂಶಗಳಲ್ಲಿ ಎಷ್ಟೋ, ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎನ್ನುತ್ತವೆ. ಕಾವಲುಗಾರನನ್ನು ಮಲಗಿಸಿ ಒಳಗೆ ಬಂದವನು ಬೇರೆ ಏನೇನು ತಂದಿದ್ದಾನೆಂದು ಹೇಳಬಲ್ಲವರು ಯಾರು? ಪಾಸ್‌ವರ್ಡ್ ಕದಿಯುವ ತಂತ್ರಾಂಶ ಇದೇ ದಾರಿಯಲ್ಲಿ ಹರಡಿದ್ದುಂಟು.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ನಕಲಿ ತಂತ್ರಾಂಶವೆಂದು ತಿಳಿದೂ ಬಳಸಿದರೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕೋ ವ್ಯಾಪಾರಕ್ಕೋ ಬಳಸಿದ್ದಲ್ಲವಾದರೆ ನ್ಯಾಯಾಲಯ ಸೆರೆವಾಸ ಬಿಟ್ಟು 50,000 ರೂ.ಗಳವರೆಗಿನ ದಂಡಕ್ಕೆ ನಿಲ್ಲಿಸಬಹುದು. ಸಂಘದ ಹೆಸರು ಅಲ್ಲಿಯವರೆಗೂ ಹೋಗುವುದೇ ಬೇಡ.

ಪರೀಕ್ಷೆ ಕಷ್ಟವಲ್ಲ. ಸೆಟ್ಟಿಂಗ್ಸ್ ತೆರೆದು ಆ್ಯಕ್ಟಿವೇಶನ್ ಎಂಬಲ್ಲಿ ನೋಡಿ. ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆಯ ಮೂಲಕ’ ಚಾಲನೆಯಾಗಿದೆ ಎಂಬರ್ಥದ ಸಾಲು ಕಂಡರೆ ಸಂಶಯಪಡಿ. ಅದು ದೊಡ್ಡ ಕಂಪನಿಗಳು ತಮ್ಮ ನೂರಾರು ಕಂಪ್ಯೂಟರುಗಳಿಗಾಗಿ ಪಡೆಯುವ ಸಾಮೂಹಿಕ ಪರವಾನಗಿಯ ಗುರುತು. ಅಂಥ ಕಂಪ್ಯೂಟರ್ 180 ದಿನಗಳೊಳಗೆ ಕಂಪನಿಯ ಸರ್ವರನ್ನು ಸಂಪರ್ಕಿಸುತ್ತಲೇ ಇರಬೇಕು. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಇರುವ ನಮ್ಮ ಸಂಘಕ್ಕೆ ಅಂಥ ಸರ್ವರ್ ಎಲ್ಲಿಂದ ಬಂತು? ಬೀಗ ಮುರಿದವರು ಅದನ್ನು ಅನುಕರಿಸಿರಬೇಕು. ‘ಡಿಜಿಟಲ್ ಲೈಸೆನ್ಸ್’ ಎಂದಿದ್ದರೆ ಅರ್ಧ ಸಮಾಧಾನ. ಅದನ್ನೂ ಅಡ್ಡದಾರಿಯಲ್ಲಿ ಪಡೆಯುವವರಿರುವುದರಿಂದ ಬಿಲ್ಲನ್ನೂ ಕೇಳಿ.

ಇನ್ನು ಬಹಳ ಮಂದಿಗೆ ತಿಳಿಯದ ಒಂದು ವಿಷಯ. ಅಸಲಿ ಪರವಾನಗಿ ಎಷ್ಟೋ ವೇಳೆ ಆ ಯಂತ್ರದೊಳಗೇ ಇರುತ್ತದೆ! ವಿಂಡೋಸ್ ಸಹಿತ ಮಾರಾಟವಾದ ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ, 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ, ಪರವಾನಗಿಯ ಕೀಲಿಯನ್ನು ಕಾರ್ಖಾನೆಯಲ್ಲೇ ಮದರ್‌ಬೋರ್ಡಿನಲ್ಲಿ ಅಡಗಿಸಿರುತ್ತಾರೆ. ಕಚೇರಿಗಳಿಂದ ವಿಲೇವಾರಿಯಾಗುವ ಯಂತ್ರಗಳಲ್ಲಿಯೂ ಸಾಮಾನ್ಯವಾಗಿ ಇದು ಇರುತ್ತದೆ. ಕಂಪನಿಯ ಸಾಮೂಹಿಕ ಪರವಾನಗಿ ಅದರ ಮೇಲೆ ಹಾಕಿದ ಹೊದಿಕೆ ಮಾತ್ರ. ಅಂಗಡಿಯವನು ‘ಹೋಮ್’ ಆವೃತ್ತಿಯ ಯಂತ್ರಕ್ಕೆ ನಕಲಿ ‘ಪ್ರೊ’ ಹಾಕಿದಾಗ ಈ ಅಸಲಿ ಪರವಾನಗಿ ಮೂಲೆಗುಂಪಾಗುತ್ತದೆ. ಉಪಾಯವಿಷ್ಟೆ: ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ವಿಂಡೋಸ್ ಇಳಿಸಿಕೊಂಡು, ಡಿಸ್ಕನ್ನು ಪೂರ್ತಿ ಅಳಿಸಿ, ಯಂತ್ರದ ಜೊತೆ ಬಂದಿದ್ದ ಅದೇ ಆವೃತ್ತಿಯನ್ನು ಹಾಕುವುದು. ಮದರ್‌ಬೋರ್ಡ್ ಬದಲಾಗಿರದಿದ್ದರೆ, ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ತಾನಾಗಿ ಚಾಲನೆಗೊಳ್ಳಬೇಕು. ಒಂದು ಪೈಸೆ ಖರ್ಚಿಲ್ಲ.

ಬಿಡಿಭಾಗ ಜೋಡಿಸಿ ಮಾಡಿದ ಕಂಪ್ಯೂಟರಿನಲ್ಲಿ ಈ ಭಾಗ್ಯವಿಲ್ಲ. ಆಗ ಪರವಾನಗಿ ಕೊಳ್ಳಬೇಕು. ಕೆಲವೇ ನೂರು ರೂಪಾಯಿಗೆ ‘ಜೀವನಪರ್ಯಂತ’ದ ಕೀಲಿ ಮಾರುವವರನ್ನು ನಂಬಬೇಡಿ, ಎಷ್ಟೋ ಬಾರಿ ಅದು ಯಾವುದೋ ಕಂಪನಿಯ ಸಾಮೂಹಿಕ ಕೀಲಿಯ ಚೂರು, ಯಾವಾಗ ನಿಂತುಹೋಗುವುದೋ ತಿಳಿಯದು.

ಇನ್ನೊಂದು ದಾರಿ ಲಿನಕ್ಸ್. ವಿಂಡೋಸ್ 10ರ ಸಾಮಾನ್ಯ ಸುರಕ್ಷತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರಗಳು, ಬೆರಳೆಣಿಕೆಯ ಅಪವಾದ ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥವಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ ಮಕ್ಕಳಿಗೆ ಕೊಟ್ಟರೆ ತಪ್ಪೇನಿಲ್ಲ. ಎರಡೂ ಉಚಿತ, ಕಾನೂನುಬದ್ಧ. ಪತ್ರ, ಲೆಕ್ಕಪತ್ರಕ್ಕೆ ಲಿಬ್ರೆ ಆಫೀಸ್ ಸಾಲುತ್ತದೆ. ನಮ್ಮವರ ಭಯವೆಲ್ಲ ಕನ್ನಡ ಟೈಪಿಂಗಿನದು. ‘ನುಡಿ’ಯಲ್ಲಿ ಕೈ ಪಳಗಿದವರಿಗೆ ಅದೇ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ, ಬರೆದದ್ದು ಯೂನಿಕೋಡ್‌ನಲ್ಲಿರುತ್ತದೆ.

ಆದರೆ ಒಂದು ಎಚ್ಚರಿಕೆ. ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಮಹಾಸಭೆಯ ವರದಿ, ನಾಟಕದ ಪ್ರತಿ, ಸ್ಮರಣ ಸಂಚಿಕೆಯ ಲೇಖನಗಳು ಆ ಫಾಂಟಿಲ್ಲದೆ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಾಗಾಗಿ ಡಿಸ್ಕ್ ಅಳಿಸುವ ಮೊದಲೇ, ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ, ಅವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಎರಡು ಪ್ರತಿ ತೆಗೆದು, ಒಂದನ್ನು ಕಾರ್ಯದರ್ಶಿಯವರ ಬಳಿ, ಇನ್ನೊಂದನ್ನು ಕೋಶಾಧಿಕಾರಿಯವರ ಬಳಿ ಇಡಿ.