ನಡೆದು ಧರ್ಮಸ್ಥಳಕ್ಕೆ ಹೊರಡುವ ಮುನ್ನ

ಶಿವರಾತ್ರಿ ಹತ್ತಿರ ಬಂತೆಂದರೆ ಬೆಂಗಳೂರು, ತುಮಕೂರು ಕಡೆಯಿಂದ ಸಾವಿರಾರು ಜನ ಮಂಜುನಾಥಸ್ವಾಮಿಯ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಮನೆಯ ಗಂಡಸರು "ಈ ಸಲ ನಾನೂ ಹೋಗ್ತೀನಿ" ಎಂದರೆ ಮಾತು ಮುಗಿಯಿತು. ಅದೇ ಮಾತನ್ನು ನಾವು ಆಡಿದರೆ "ನಿನ್ನ ಕೈಲಿ ಆಗುತ್ತೇನೇ?" ಎಂಬ ಪ್ರಶ್ನೆ. ಖಂಡಿತ ಆಗುತ್ತೆ, ಸೋದರಿಯರೇ. ಆದರೆ ಭಕ್ತಿಯೊಂದೇ ಸಾಲದು, ಎರಡು ತಿಂಗಳ ತಯಾರಿಯೂ ಬೇಕು.

ದಾರಿಯ ಲೆಕ್ಕ

ನಮ್ಮ ವಸಂತನರಸಾಪುರದಿಂದ ತುಮಕೂರು, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ, ಧರ್ಮಸ್ಥಳ. ಒಟ್ಟು ಹತ್ತಿರ ಹತ್ತಿರ 300 ಕಿ.ಮೀ. ದಿನಕ್ಕೆ 30 ಕಿ.ಮೀ. ಎಂದರೂ ಹತ್ತು ದಿನ ಬೇಕು.

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲೂ ಜನ ಹೀಗೆಯೇ ದಿನಗಟ್ಟಲೆ ನಡೆಯುತ್ತಾರೆ. ಮಾಂಟ್ ಬ್ಲಾಂಕ್ ಶಿಖರದ ಸುತ್ತಿನ ದಾರಿಯೇ ಸುಮಾರು 170 ಕಿ.ಮೀ. ಅಲ್ಲಿ ಬೆಟ್ಟದ ಮೇಲೆ ತಂಗುಮನೆಗಳಿವೆ. ಹಾಸಿಗೆ, ಊಟ ಮೊದಲೇ ಕಾದಿರಿಸಿ, ಹಗುರ ಚೀಲ ಹೊತ್ತು ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ. ನಮಗೆ ಶಾಲೆ, ದೇವಸ್ಥಾನ, ಸಮುದಾಯ ಭವನಗಳೇ ತಂಗುಮನೆ. ಅಲ್ಲಿನವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ, ನೀರು ಇದೆಯೇ ಎಂದು ನಿಮ್ಮಲ್ಲೊಬ್ಬರು ಖುದ್ದಾಗಿ ವಿಚಾರಿಸಿ. ಈ ಕೆಲಸವನ್ನು ಗಂಡಸರಿಗೆ ಬಿಟ್ಟರೆ ಮರೆತುಹೋಗುವುದು ಇದೇ!

ಕಾಲಿಗೆ ಅಭ್ಯಾಸ

ಮೊದಲ ವಾರ ದಿನಕ್ಕೆ 3 ಕಿ.ಮೀ. ಸಾಕು. ವಾರವಾರ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಹೊರಡುವ ಎರಡು ವಾರ ಮುಂಚೆ ಒಂದು ದಿನ 15 ಕಿ.ಮೀ. ನಡೆದು, ಮಾರನೆಯ ದಿನ ಮತ್ತೆ ಅಷ್ಟೇ ನಡೆಯಿರಿ. ನಿಜವಾದ ಪರೀಕ್ಷೆ ಎರಡನೆಯ ದಿನದ್ದು. ಚಾರ್ಮಾಡಿಯಲ್ಲಿ ನಮಗೆ ಸಿಗುವುದು ಏರಲ್ಲ, ಇಳಿಜಾರು. ಮಂಡಿ ನೋಯುವುದು ಇಳಿಯುವಾಗಲೇ. ಆದ್ದರಿಂದ ಒಂದೆರಡು ಭಾನುವಾರ ದೇವರಾಯನದುರ್ಗ ಹತ್ತಿ ಇಳಿದು ನೋಡಿ.

ಹೊಸ ಚಪ್ಪಲಿ, ಹೊಸ ಬೂಟು ಬೇಡವೇ ಬೇಡ, ಪಳಗಿದ್ದೇ ಇರಲಿ. ಎರಡು ಮೂರು ಜೊತೆ ಕಾಲುಚೀಲ ಇಟ್ಟುಕೊಂಡು, ಒದ್ದೆಯಾದ ಕೂಡಲೇ ಬದಲಿಸಿ. ಬೊಕ್ಕೆ ಎದ್ದರೆ ಒಡೆಯಬೇಡಿ. ಶುಭ್ರ ಬಟ್ಟೆಯ ಪಟ್ಟಿ ಕಟ್ಟಿ.

ಒಲೆ ಯಾರ ಪಾಲು?

ಗಂಡಸರೂ ಹೆಂಗಸರೂ ಕೂಡಿದ ತಂಡದಲ್ಲಿ ಹಗಲೆಲ್ಲ ಸಮನಾಗಿ ನಡೆದು, ಸಂಜೆ ಒಲೆ ಮುಂದೆ ಕೂರುವವರು ಮಾತ್ರ ನಾವೇ ಆಗಿಬಿಡುತ್ತೇವೆ. ಇದು ಬೇಡ. ಸಾಮಾನು ಹೊತ್ತು ಬರುವ ಟೆಂಪೋದ ಜೊತೆಗೆ ಅಡುಗೆಯವರೊಬ್ಬರನ್ನು ಗೊತ್ತುಮಾಡಿ, ಖರ್ಚನ್ನು ಎಲ್ಲರೂ ಹಂಚಿಕೊಳ್ಳಿ. ಇಲ್ಲವೇ ಸರದಿ ಹಾಕಿ, ಅದರಲ್ಲಿ ಗಂಡಸರ ಹೆಸರೂ ಬರಲಿ. ಹೊರಡುವ ಮೊದಲೇ ಆಡಬೇಕಾದ ಮಾತಿದು. ದಾರಿಯಲ್ಲಿ ಆಡಿದರೆ ಜಗಳವಾಗುತ್ತೆ.

ಕೈಚೀಲದಲ್ಲಿ ರಾಗಿ ಹುರಿಹಿಟ್ಟು ಇರಲಿ. ರಾಗಿಗೆ ಮಜ್ಜಿಗೆ ಚಿಮುಕಿಸಿ ರಾತ್ರಿಯಿಡೀ ಇಟ್ಟು, ನೆರಳಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸಿಕೊಳ್ಳಿ. ಬೆಲ್ಲದ ಪುಡಿ, ತಿಪಟೂರು ಕೊಬ್ಬರಿ ತುರಿ, ಏಲಕ್ಕಿ ಬೆರೆಸಿದರೆ ಹಸಿವಾದಾಗ ಎರಡು ಮುಷ್ಟಿ ಸಾಕು. ತುಂಬಾ ಬೆವರಿ ಸುಸ್ತಾದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮಟ್ಟವಾಗಿ ಅಳೆದು ಕದಡಿ ಕುಡಿಯಿರಿ.

ಇವರು ವೈದ್ಯರನ್ನು ಕೇಳಿ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತಹೀನತೆ ಇದ್ದವರು ವೈದ್ಯರಿಗೆ ತೋರಿಸದೆ ಹೊರಡಬಾರದು. ಸಕ್ಕರೆ ಕಾಯಿಲೆಯವರಿಗೆ ಪಾದದ ಗಾಯ ನೋವೇ ಕೊಡದೆ ಕೀವಾಗಬಹುದು. ದಿನಾ ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಿ. ಗುಳಿಗೆಗಳನ್ನು ಹತ್ತು ದಿನಕ್ಕಲ್ಲ, ಹದಿನೈದು ದಿನಕ್ಕೆ ಆಗುವಷ್ಟು ಇಟ್ಟುಕೊಳ್ಳಿ. ಮುಟ್ಟಿನ ದಿನ ಲೆಕ್ಕ ಹಾಕಿ ಬೇಕಾದ್ದನ್ನು ಮೊದಲೇ ಕಟ್ಟಿಕೊಳ್ಳಿ. ಶೌಚಕ್ಕೆ ಹೆದರಿ ನೀರು ಕುಡಿಯದೆ ಇರಬೇಡಿ. ಮೂತ್ರದ ಉರಿ ಶುರುವಾಗುವುದು ಹಾಗೆಯೇ.

ರಸ್ತೆ, ಘಾಟಿ

ಬಿಸಿಲು ತಪ್ಪಿಸಲು ನಸುಕಿನಲ್ಲೇ ಹೊರಡಬೇಕಾಗುತ್ತೆ. ಕುಣಿಗಲ್‌ನಿಂದ ಹಾಸನದವರೆಗೆ ಲಾರಿ, ಬಸ್ಸು ಬಿರುಸಾಗಿ ಓಡುವ ಹೆದ್ದಾರಿ. ರಸ್ತೆಯ ಬಲಗಡೆ, ಎದುರಿಗೆ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬೆನ್ನಿಗೆ ಹೊಳೆಯುವ ಪಟ್ಟಿ, ಕೈಯಲ್ಲಿ ಟಾರ್ಚು ಇರಲಿ. ಘಾಟಿಯನ್ನು ಹಗಲಿನಲ್ಲೇ, ಗುಂಪಾಗಿ ಇಳಿಯಿರಿ. ಅದು ಆನೆ ಓಡಾಡುವ ಕಾಡು. 2019ರ ಆಗಸ್ಟ್ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಆದ್ದರಿಂದ ಹೊರಡುವ ಮುಂಚೆ ದಾರಿಯ ಸ್ಥಿತಿ ಕೇಳಿ ತಿಳಿದುಕೊಳ್ಳಿ.

ಶಿವರಾತ್ರಿ ಬರುವುದೇ ಮಕ್ಕಳ ಪರೀಕ್ಷೆಯ ಹೊತ್ತಿಗೆ. ಮನೆ ಬಿಟ್ಟು ಹತ್ತು ದಿನ ಇರಲಾಗದವರು ಕೊಟ್ಟಿಗೆಹಾರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ತಂಡ ಸೇರಿಕೊಳ್ಳಬಹುದು. ಉಳಿದದ್ದು ಎರಡು ದಿನದ ನಡಿಗೆ. ನಡೆದದ್ದು ಎರಡೇ ದಿನವಾದರೂ ಅದು ಪಾದಯಾತ್ರೆಯೇ. ದೇವರು ಕಿಲೋಮೀಟರು ಎಣಿಸುವುದಿಲ್ಲ.