ಮೆಮೊರಿಯ ಕೀಲಿಕೈಗಳ ವಿತರಣೆ

ಗಣಕಯಂತ್ರದ ಮೆಮೊರಿಯಲ್ಲಿ ಒಬ್ಬರ ಪಾಲನ್ನು ಮತ್ತೊಬ್ಬರು ಕೆಡಿಸದಂತೆ ಕಾಯುವುದು ಹಳೆಯ ಸಮಸ್ಯೆ. 1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಮ್ 360 ಯಂತ್ರಶ್ರೇಣಿಯಲ್ಲಿ, 2,048 ಬೈಟುಗಳ ಪ್ರತಿಯೊಂದು ಖಂಡಕ್ಕೂ 4 ಬಿಟ್‌ಗಳ ಕೀಲಿಯನ್ನಿಡುವ ಏರ್ಪಾಡಿತ್ತು. ಅದೇ ತತ್ತ್ವವು ಇಂದಿನ ಜಾಲಕಾರ್ಡುಗಳಲ್ಲಿ ತಳೆದಿರುವ ರೂಪವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಆರ್‌ಡಿಎಂಎ ಎಂಬ ವಿಧಾನದಲ್ಲಿ, ದೂರದ ಗಣಕವು ಇಲ್ಲಿನ ಪ್ರೊಸೆಸರಿನ ನೆರವಿಲ್ಲದೆ, ಕಾರ್ಡಿನ ಮೂಲಕವೇ ಮೆಮೊರಿಯನ್ನು ಓದಬಲ್ಲದು, ಅದರಲ್ಲಿ ಬರೆಯಬಲ್ಲದು. ಇದಕ್ಕೆ ಅನುಮತಿ ಕೊಡುವ ಭಾರ ಕರ್ನೆಲ್ಲಿನ ಡ್ರೈವರಿನದು. ಅದು ಸಂಬಂಧಪಟ್ಟ ಪುಟಗಳನ್ನು ಕದಲದಂತೆ ಸ್ಥಿರಪಡಿಸಿ, ಅವುಗಳ ವಿಳಾಸಗಳನ್ನು ಕಾರ್ಡಿಗೆ ತಿಳಿಸಿ, 32 ಬಿಟ್‌ಗಳ ಕೀಲಿಕೈಯೊಂದನ್ನು ಪಡೆಯುತ್ತದೆ. ಈ ಕೀಲಿಕೈಯನ್ನು ತೋರಿದವರಿಗೇ ಪ್ರವೇಶ.

2013ರಲ್ಲಿ ಲಿನಕ್ಸ್ ಕರ್ನೆಲ್ಲನ್ನು ಸೇರಿದ ಎಂಎಲ್ಎಕ್ಸ್5 ಡ್ರೈವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೀಲಿಕೈಯ ಮೇಲಿನ 24 ಬಿಟ್‌ಗಳು ಕಾರ್ಡು ಕೊಡುವ ಕ್ರಮಾಂಕ; ಕೆಳಗಿನ 8 ಬಿಟ್‌ಗಳು ಡ್ರೈವರು ಆರಿಸುವ ಅಂಕಿ. ಒಬ್ಬರು ಬಿಟ್ಟುಕೊಟ್ಟ ಕ್ರಮಾಂಕವು ಮುಂದೆ ಇನ್ನೊಬ್ಬರಿಗೆ ಸಲ್ಲಬಹುದು. ಆಗ ಹಳೆಯ ಕೀಲಿಕೈಯನ್ನು ಉಳಿಸಿಕೊಂಡವನು ಹೊಸಬನ ಮೆಮೊರಿಯನ್ನು ಹೊಗಬಾರದು. ಆದುದರಿಂದ ಡ್ರೈವರು ಹೊಸ ಕೀಲಿಕೈ ಮಾಡುವಾಗಲೆಲ್ಲ ಆ ಅಂಕಿಯನ್ನು ಒಂದೊಂದಾಗಿ ಮುಂದಕ್ಕೊಯ್ಯುತ್ತದೆ. ಕ್ರಮಾಂಕ ಒಂದೇ ಆದರೂ ಅಂಕಿ ಬೇರೆಯಾದರೆ ಕಾರ್ಡು ಬೇಡಿಕೆಯನ್ನು ನಿರಾಕರಿಸುತ್ತದೆ.

ಈ ರಕ್ಷಣೆಗೂ ಒಂದು ಮಿತಿಯುಂಟು. 8 ಬಿಟ್‌ಗಳಲ್ಲಿ 256 ಅಂಕಿಗಳು ಮಾತ್ರ ಸಾಧ್ಯ. ಅನಂತರ ಎಣಿಕೆ ಮೊದಲಿಗೆ ಮರಳುತ್ತದೆ. ಶಾಸನಗಳನ್ನು ಓದುವ ನಮಗೆ ಈ ತೊಡಕು ಪರಿಚಿತವೇ. ಸಂವತ್ಸರದ ಹೆಸರು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, ಶಕವರ್ಷವಿಲ್ಲದ ಶಾಸನದ ಕಾಲವನ್ನು ಆ ಹೆಸರೊಂದರಿಂದಲೇ ನಿರ್ಣಯಿಸಲಾಗದು. ಅಂತೆಯೇ ಇಲ್ಲಿಯೂ ಅಂಕಿಯೊಂದನ್ನೇ ನೆಚ್ಚದೆ, ಬೇಡಿಕೆ ತಂದ ಸಂಪರ್ಕವು ಅದೇ ರಕ್ಷಣಾವಲಯಕ್ಕೆ ಸೇರಿದೆಯೇ, ಅದಕ್ಕೆ ಬರೆಯುವ ಹಕ್ಕಿದೆಯೇ ಎಂಬುದನ್ನೂ ಕಾರ್ಡು ಪರಿಶೀಲಿಸುತ್ತದೆ.

ಕಾರ್ಡಿಗೆ ಆಜ್ಞೆಯಿತ್ತು ಪ್ರತಿಸಲವೂ ಹೊಸ ಕೀಲಿಕೈ ಮಾಡಿಸುವುದಕ್ಕೆ ಕಾಲ ಹಿಡಿಯುತ್ತದೆ. ಆ ಕಾರಣ ಡ್ರೈವರು ಕೆಲವನ್ನು ಮುಂದಾಗಿ ಸಿದ್ಧಮಾಡಿ ಸಂಗ್ರಹದಲ್ಲಿಟ್ಟಿರುತ್ತದೆ.

ಕೊನೆಯದಾಗಿ, ಹಿಂತೆಗೆಯುವ ಕ್ರಮವು ಅತಿಮುಖ್ಯ. ಮೊದಲು ಕೀಲಿಕೈ ರದ್ದಾಗಬೇಕು. ಆಮೇಲೆ ಪುಟಗಳು ಬಿಡುಗಡೆಯಾಗಬೇಕು. ಇದು ವ್ಯತ್ಯಸ್ತವಾದರೆ, ಪುಟಗಳು ಬೇರೆಯವರ ಪಾಲಾದ ಮೇಲೂ ಕಾರ್ಡು ಅವುಗಳಲ್ಲಿ ಬರೆಯುತ್ತಲೇ ಇರಬಹುದು. ಪ್ರೊಸೆಸರಿಗೆ ಅದರ ಸುಳಿವೂ ಸಿಗದು. ಹಂಚುವಾಗ ಎಷ್ಟು ಎಚ್ಚರ ಬೇಕೋ ಹಿಂದಕ್ಕೆ ಪಡೆಯುವಾಗಲೂ ಅಷ್ಟೇ ಎಚ್ಚರ ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.